ಹಸಿರು ತೊಟ್ಟಿಯ ಮುಂದೆ ಕ್ಷಮಾವಾಣಿ

ಹೋದ ವರ್ಷ ಕ್ಷಮಾವಾಣಿಯ ದಿನ ನಮ್ಮ ಆಯಿ, ಅಂದರೆ ನನ್ನ ಅತ್ತೆ ಕಮಲಾಬಾಯಿ, ನನ್ನನ್ನು ದಾಟಿಕೊಂಡು ಹೋಗಿಬಿಟ್ಟರು. ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮ ಜೈನರ ಮನೆಗಳಲ್ಲಿ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ ಅದು. ಇಪ್ಪತ್ತಾರು ವರ್ಷ ಆಯಿ ಮೊದಲು ಕೇಳುತ್ತಿದ್ದದ್ದು ನನ್ನನ್ನು. ವರ್ಷವಿಡೀ ಉಪ್ಪು ಹೆಚ್ಚು, ಹುಳಿ ಕಡಿಮೆ ಎಂದು ನನ್ನ ಜೀವ ಹಿಂಡಿದವರು ಅವತ್ತು "ಮಯೂರಿ, ಮನಸಿನ್ಯಾಗ ಇಟಕೋಬ್ಯಾಡವಾ" ಅಂದರೆ ಸಾಕು, ನನ್ನ ಸಿಟ್ಟೆಲ್ಲ ನೀರಾಗುತ್ತಿತ್ತು. ಮರೆವಿನ ರೋಗ ಹತ್ತಿದ ಮೇಲೆ, ಹೋದ ವರ್ಷ, ಹಾಲು ಹಾಕುವ ರಾಮವ್ವನಿಗೆ ಕೈಮುಗಿದರು, ನನ್ನನ್ನು ನೋಡಿ ಯಾರ ಪೈಕಿಯವರು ಎಂದು ಕೇಳಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಬಂದಾಗ ಅತ್ತೆಯೇ ಇರಲಿಲ್ಲ. ನನಗೆ ಬಹಳ ಅಳು ಬಂತು.

ಈ ವರ್ಷ ಅವರ ಬಾಯಲ್ಲಿ ನನ್ನ ಹೆಸರು ಬರಲೇಬೇಕು ಎಂದು ಹಟ ಹಿಡಿದೆ. ಔಷಧಿ ನಮ್ಮ ಹಿತ್ತಲಲ್ಲೇ ಇತ್ತು. ನನ್ನ ಗಂಡ ಅಭಿನಂದನ ಅರ್ಧ ಎಕರೆ ದ್ರಾಕ್ಷಿ ಕಿತ್ತು, ಎರಡು ಸಿಮೆಂಟಿನ ತೊಟ್ಟಿ ಕಟ್ಟಿಸಿ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಂಥ ಪಾಚಿ ಬೆಳೆಸುತ್ತಾರೆ. ನೀರೆಲ್ಲ ಕಡುಹಸಿರು. ಅದರ ಸಾರ ತೆಗೆದು ಇಲಿಗಳಿಗೆ ಕೊಟ್ಟಾಗ ಅವುಗಳ ಮರೆವು ಕಡಿಮೆಯಾಯಿತಂತೆ ಎಂದು ಅದನ್ನು ಕೊಳ್ಳುವವರು ಹೇಳಿಹೋಗಿದ್ದರು. ಮೀರಜಿನ ಡಾಕ್ಟರರನ್ನು ಕೇಳಿದೆ. ಮನುಷ್ಯರ ವಿಷಯದಲ್ಲಿ ಇನ್ನೂ ಏನೂ ಖಾತ್ರಿಯಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಸೆ ಏನು, ಡಾಕ್ಟರರ ಮಾತು ಕೇಳುತ್ತದೆಯೇ?

ಆದರೆ ಆಯಿಗೆ ಅದನ್ನು ಕೊಡುವುದು ಹೇಗೆ? ನಾವು ಗಡ್ಡೆಗೆಣಸು ತಿನ್ನುವುದಿಲ್ಲ, ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ಜೀವಗಳು ಇರುತ್ತವೆ ಅಂತ. ಪಾಚಿ ಅದಕ್ಕಿಂತ ಕೆಟ್ಟದ್ದು, ಒಂದು ಹನಿಯಲ್ಲಿ ಅನಂತ ಜೀವ. ಹನ್ನೊಂದನೇ ವಯಸ್ಸಿಗೇ ಮುನಿಗಳ ಮುಂದೆ ನೇಮ ಹಿಡಿದ ಹೆಂಗಸು ಅವರು, ನೀರನ್ನು ಎರಡು ಸಲ ಸೋಸಿ ಕುಡಿದವರು. ನೆನಪಿದ್ದಿದ್ದರೆ ಮಗನಿಗೆ ಆ ತೊಟ್ಟಿ ಕಟ್ಟಲೂ ಬಿಡುತ್ತಿರಲಿಲ್ಲ. ಮರೆತಿದ್ದಾರಲ್ಲ, ಗೊತ್ತಾಗುವುದು ಯಾರಿಗೆ ಎಂದುಕೊಂಡೆ. ಮೆಂತ್ಯ ಸೊಪ್ಪಿನ ರೊಟ್ಟಿಯ ಹಿಟ್ಟಿಗೆ, ತೊಟ್ಟಿಯ ಪಾಚಿ ಹಿಂಡಿ ತೆಗೆದ ಒಂದು ಚಮಚ ಸಾರ ಕಲಸಿದೆ. ಕೆರೆಯ ವಾಸನೆ ಬರದಂತೆ ಓಮ ಹಾಕಿದೆ. ಮೂರು ತಿಂಗಳು ದಿನಾ ತಿನ್ನಿಸಿದೆ. ಪರ್ವದ ಹತ್ತು ದಿನ ಮನೆಯಲ್ಲಿ ಹಸಿರು ಸೊಪ್ಪು ಮುಟ್ಟುವುದಿಲ್ಲ. ಆಗ ಬೆಲ್ಲದ ಕಷಾಯದಲ್ಲಿ ಕದಡಿ ಕೊಟ್ಟೆ. ಪಾಪವೋ ಪುಣ್ಯವೋ, ನನ್ನ ತಲೆಗೇ ಇರಲಿ ಎಂದೆ. ಗಂಡನಿಗೂ ಹೇಳಲಿಲ್ಲ.

ಎರಡನೇ ತಿಂಗಳಿಗೆ ಆಯಿ ನನ್ನ ಮಾವ, ತೀರಿಹೋದ ಕಾಕಾಸಾಹೇಬರ ಹೆಸರು ಹೇಳಿದರು. ಆಮೇಲೆ ತವರೂರು ಯಡೂರಿನ ಹೊಳೆ, ಅಲ್ಲಿನ ಎಮ್ಮೆಗಳು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಒಂದು ಹೊಸ ಚಾಳಿ ಶುರುವಾಯಿತು. ಹಿತ್ತಲ ಕಿಟಕಿಯಲ್ಲಿ ನಿಂತು ತೊಟ್ಟಿಯ ಕಡೆ ಕಿವಿ ಕೊಡುತ್ತಿದ್ದರು. ನೀರು ಕಲಕುವ ಚಕ್ರ ನಿಂತಾಗಲೂ ಹೂಂಗುಟ್ಟುತ್ತಿದ್ದರು, ಆ ಕಡೆಯಿಂದ ಯಾರೋ ಮಾತಾಡುತ್ತಿದ್ದಂತೆ. ನೀರಿನ ಸಪ್ಪಳ ಇರಬೇಕು ಎಂದು ಅಭಿನಂದನ ನಕ್ಕರು. ನನಗೆ ನಗು ಬರಲಿಲ್ಲ.

ಮೊನ್ನೆ ಕ್ಷಮಾವಾಣಿ. ಬೆಳಗ್ಗೆ ನಾನು ಹೊಸ ಸೀರೆ ಉಟ್ಟು ನಡುಮನೆಯಲ್ಲಿ ಕಾದು ಕೂತೆ. ಆಯಿ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು ಬಂದರು. ನನ್ನ ಮುಂದೆಯೇ ಹಾದು ಹಿತ್ತಲಿಗೆ ಹೋದರು, ತೊಟ್ಟಿಯ ಕಟ್ಟೆಯ ಮುಂದೆ ಕೂತು ಕೈಮುಗಿದರು. ಒಂದು ಹೆಸರು ಹೇಳಿ ಕ್ಷಮೆ ಕೇಳಿದರು. ಮತ್ತೊಂದು ಹೆಸರು, ಮತ್ತೆ ಕ್ಷಮೆ. ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ, ನಾನು ಎಂದೂ ಕೇಳದ ಹೆಸರುಗಳು. ಮಧ್ಯಾಹ್ನದವರೆಗೆ ಪಕ್ಕದಲ್ಲೇ ಕೂತು ಕೇಳಿದೆ. ಒಂದೂ ಎರಡನೇ ಸಲ ಬರಲಿಲ್ಲ.

ಹುಚ್ಚು ಬಡಬಡಿಕೆ, ಎಬ್ಬಿಸು ಎಂದರು ಅಭಿನಂದನ. ನಾನು ಆಯಿಯ ಹೆಗಲು ಮುಟ್ಟಿ, ಇವರೆಲ್ಲ ಯಾರು ಎಂದು ಕೇಳಿದೆ.

"ಮೆಂತ್ಯ ರೊಟ್ಟ್ಯಾಗ ಬಂದವ್ರು," ಎಂದರು ಆಯಿ, ತೊಟ್ಟಿಯಿಂದ ಕಣ್ಣು ತೆಗೆಯದೆ. "ಕಷಾಯದಾಗ ಬಂದವ್ರು ಇನ್ನಾ ಹಿಂದ ಅದಾರ."

ಕಷಾಯದ ಮಾತು ನನ್ನನ್ನು ಬಿಟ್ಟರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ ಕಾಲು ಹಿಡಿದೆ. ನಾನೇ ಕಲಸಿದ್ದು, ನಿಮ್ಮ ನೇಮ ನಾನೇ ಮುರಿದದ್ದು ಎಂದು ಅಳುತ್ತ ಹೇಳಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೆಸರು ಹೇಳುವುದನ್ನೂ ನಿಲ್ಲಿಸಲಿಲ್ಲ.

ಹೊತ್ತು ಮುಳುಗಿದ ಮೇಲೆ ಅವರು ಹನಿ ನೀರೂ ಮುಟ್ಟುವವರಲ್ಲ. ಅದಕ್ಕೇ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಸೋಸಿದ ನೀರು ತಂದು ತುಟಿಗೆ ಹಿಡಿದೆ. ಬಾಯಿ ಒಣಗಿ ಬಿರಿದಿತ್ತು. ತಂಬಿಗೆಯನ್ನು ಮೆಲ್ಲಗೆ ಸರಿಸಿ, ಮೊದಲ ಸಲ ನನ್ನ ಕಡೆ ತಿರುಗಿದರು. ಎರಡು ವರ್ಷದಿಂದ ಕಾಣದ ನೋಟ ಅದು. ಸೊಸೆಯ ಉಪ್ಪು ಹುಳಿ ಎಲ್ಲ ಬಲ್ಲ, ನನ್ನ ಅತ್ತೆಯ ನೋಟ.

"ಮಯೂರಿ," ಎಂದರು.

ನಾನು ಕೈಮುಗಿದೆ.

"ನಿನ್ನ ಮರತಿಲ್ಲವಾ. ನಿನ್ನ ಹೆಸರೂ ಐತಿ. ಆದ್ರ ನಿನಗಿಂತ ಮೊದಲ ಭಾಳ ಮಂದಿ ನಿಂತಾರ. ಅವ್ರದೆಲ್ಲಾ ಮುಗದ ಮ್ಯಾಲ ನಿನಗ ಕೇಳತೇನಿ. ಅಲ್ಲೀತನಕಾ ನೀರು ಒಲ್ಲೆ."

ಮತ್ತೆ ತೊಟ್ಟಿಯ ಕಡೆ ತಿರುಗಿ ಮುಂದಿನ ಹೆಸರು ಹೇಳಿದರು. ಇವತ್ತಿಗೆ ಮೂರನೇ ದಿನ.