ಹನೋಯಿಯಲ್ಲಿ ರಸ್ತೆ ದಾಟಿದ್ದು

ವಿಯೆಟ್ನಾಂ ಹೇಗಿತ್ತು ಎಂದು ನಮ್ಮೂರು ಶಿರಂಗಾಲದಲ್ಲಿ ನನ್ನನ್ನು ಕೇಳದವರಿಲ್ಲ. ಚೆನ್ನಾಗಿತ್ತು ಎನ್ನುತ್ತೇನೆ. ಇನ್ನೇನು ಹೇಳಲಿ? ಅವರ ರಾಜಧಾನಿ ಹನೋಯಿಯಲ್ಲಿ ದಿನವಿಡೀ ನಾನು ನೋಡಿದ್ದು ನನ್ನ ಓರಗಿತ್ತಿ ತೇಜಸ್ವಿನಿಯ ಕೈಯನ್ನು.

ನಮ್ಮೆಜಮಾನರು ಸಣ್ಣಸ್ವಾಮಿ, ಮೈದುನ ಲೋಹಿತ್, ಇಬ್ಬರೂ ಸೇರಿ ಕುಶಾಲನಗರದಲ್ಲಿ ಗೊಬ್ಬರದಂಗಡಿ ನಡೆಸುತ್ತಾರೆ. ಈ ಸಲ ಗೊಬ್ಬರದ ಕಂಪನಿಯವರು ಹೆಂಡತಿಯರ ಸಮೇತ ಟೂರ್ ಕಳಿಸಿದರು. ಆ ಊರಲ್ಲಿ ಜನಕ್ಕಿಂತ ಸ್ಕೂಟರೇ ಹೆಚ್ಚು. ರಸ್ತೆ ದಾಟುವಾಗ ಓಡಬಾರದು, ನಿಲ್ಲಲೂಬಾರದು, ನಿಧಾನ ನಡೆಯುತ್ತಿದ್ದರೆ ಅವರೇ ಪಕ್ಕಕ್ಕೆ ಸರಿದು ಹೋಗುತ್ತಾರೆ ಎಂದು ಗೈಡ್ ಹೇಳಿದ. ಅಷ್ಟು ಕೇಳಿದ್ದೇ ತಡ, ಲೋಹಿತ್ ಹೆಂಡತಿಯ ಕೈ ಹಿಡಿದ. ಹಿಡಿದವನು ದೇವಸ್ಥಾನದಲ್ಲೂ ಬಿಡಲಿಲ್ಲ, ಕೆರೆ ಸುತ್ತುವಾಗಲೂ ಬಿಡಲಿಲ್ಲ. ಮದುವೆಯಾಗಿ ಆರು ವರ್ಷವಾಯಿತು, ಹೊಸಬರೇನಲ್ಲ.

ನಮ್ಮವರು ಶುಂಠಿ ಹೊಲ ನೋಡಲು ಹೊರಟವರ ಹಾಗೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹತ್ತು ಹೆಜ್ಜೆ ಮುಂದೆ. ಕುಶಾಲನಗರದ ಸಂತೆಯಲ್ಲೂ ಹೀಗೇ, ಇಪ್ಪತ್ತೆರಡು ವರ್ಷದಿಂದ. ಅಲ್ಲಿ ಎಲ್ಲ ಗಂಡಸರೂ ಮುಂದೆಯೇ ನಡೆಯುವುದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಇಲ್ಲಿ ಬಿತ್ತು. ಎಲ್ಲಾದರೂ ಕರಿಮೆಣಸಿನ ಚೀಲ ಕಂಡರೆ ಮಾತ್ರ ನಿಲ್ಲುತ್ತಿದ್ದರು. "ಇವ್ರ ಮೆಣಸು ಬಂದೇ ನಮ್ ರೇಟ್ ಬಿದ್ದಿದ್ದು ಕಣೋ" ಎಂದು ತಮ್ಮನಿಗೆ ಹೇಳಿ ಮತ್ತೆ ಹೊರಡುತ್ತಿದ್ದರು. ಮೆಣಸಿಗೆ ಸಿಕ್ಕ ಮರ್ಯಾದೆ ನನಗಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನದ ಮೇಲೆ ಕಾಫಿ ಕುಡಿಯೋಣವೆಂದು ಎಲ್ಲರೂ ರಸ್ತೆ ದಾಟಿದರು. ನಾನು ದಾಟಲಿಲ್ಲ. ಹೆದರಿಕೆಯಲ್ಲ, ಹಟ. ಇವರು ಒಂದು ಸಲ ತಿರುಗಿ ನೋಡಲಿ, ಬಂದು ಕರೆಯಲಿ, ಅಲ್ಲಿಯವರೆಗೆ ಒಂದು ಹೆಜ್ಜೆಯೂ ಇಡುವುದಿಲ್ಲ ಎಂದು ಹಣ್ಣಿನ ಗಾಡಿಯ ಪಕ್ಕ ನಿಂತೆ. ಸ್ಕೂಟರುಗಳ ಸಂದಿಯಲ್ಲಿ ಇವರ ಬೆನ್ನು ಕಾಣುತ್ತಿತ್ತು. ಒಳಗೆ ಹೋದರು, ಕೂತರು, ಫೋನ್ ತೆಗೆದರು. ಬೆನ್ನು ತಿರುಗಲೇ ಇಲ್ಲ.

ಹತ್ತು ನಿಮಿಷವಾಗಿರಬೇಕು. ತೇಜಸ್ವಿನಿ ಗಂಡನನ್ನು ಬಿಟ್ಟು, ಅಷ್ಟು ಗಾಡಿಗಳ ನಡುವೆ ಒಬ್ಬಳೇ ನಡೆದು ಬಂದಳು.

"ಬನ್ನಿ ಅಕ್ಕ. ಭಾವನೇ ಕಳ್ಸುದ್ರು. ವನಜ ಹಿಂದೆ ಉಳ್ಕಂಡವ್ಳೆ, ಕರ್ಕಂಡ್ ಬಾ ಅಂದ್ರು."

ಜೀವ ಹೂವಿನಷ್ಟು ಹಗುರಾಯಿತು. ತಾವೇ ಬರದಿದ್ದರೇನು, ನೆನಪಾಯಿತಲ್ಲ. ಬೆಳಗಿನಿಂದ ಈ ಹುಡುಗಿಯನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ದಾಟಿದೆ.

ಇವರು ಫೋನಿನಿಂದ ತಲೆ ಎತ್ತಿದರು. "ಇಬ್ರೂ ಎಲ್ಲೋಗಿದ್ರಿ? ಕಾಫಿ ಆರೋಯ್ತು."

ನಾನು ತೇಜಸ್ವಿನಿಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಕೈ ಹಿಡಿಯುವ ಗಂಡನೂ ಅವಳಿಗೇ, ನನ್ನ ಗಂಡನ ಮರೆವನ್ನು ಮುಚ್ಚಿಡುವ ಒಳ್ಳೆಯತನವೂ ಅವಳಿಗೇ. ಬೆಳಗಿನಿಂದ ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕವಾದರೆ ಆಗ ಪಟ್ಟದ್ದೇ ಒಂದು ತೂಕ. ಅವಳಿಂದ ಕೈ ಬಿಡಿಸಿಕೊಂಡು ಕೂತು, ಆರಿದ ಕಾಫಿ ಕುಡಿದೆ.