ಮತ್ತೊಮ್ಮೆ ಸರ್ವಿಸ್ ಪ್ಯಾಕ್

ಬಿಸಿಯಾದ ಧೂಳಿನ ವಾಸನೆ ಬಂದರೆ ಗುಮಾಸ್ತೆಗೆ ಬಾಲ್ಯದಲ್ಲಿ ಅಪ್ಪ ಬಿಚ್ಚಿಡುತ್ತಿದ್ದ ರೇಡಿಯೋ ನೆನಪಾಗುತ್ತಿತ್ತು. ಇಂದು ಲ್ಯಾಬಿನ ಕಂಪ್ಯೂಟರಿನ ಮುಂದೆಯೂ ಅದೇ ವಾಸನೆ; ಆದರೆ ಅವಳ ಜೀವ ಬಾಯಿಗೆ ಬಂದಿತ್ತು. ಹೊಸ ಪ್ರಿಂಟರಿಗೆಂದು ಹಳೆಯ ಸಿ.ಡಿ. ಹಾಕಿದ್ದಳು. ಆಮೇಲೆ ರೋಗಿಗಳ ವರದಿಗಳು ತೆರೆಯುತ್ತಲೇ ಇರಲಿಲ್ಲ.

ಫೋನ್ ಮಾಡಿ ಕರೆಸಿದ್ದ ರಿಪೇರಿಯವನನ್ನು ಕೇಳಿದಳು: "ಎಲ್ಲಾ ಅಳಿಸಿಹೋಯ್ತಾ ಅಣ್ಣಾ?"

"ಇಲ್ಲ ತಾಯಿ," ಎಂದ ಅವನು. "ನಿಮ್ಮ ಸಿ.ಡಿ. ಹೊಸ ಸಿಸ್ಟಮ್ ಫೈಲುಗಳನ್ನ ಎಬ್ಬಿಸಿ, ಆ ಜಾಗದಲ್ಲಿ ಹಳೇವನ್ನ ಕೂರಿಸಿದೆ. ಸರ್ವಿಸ್ ಪ್ಯಾಕ್, ಅಂದ್ರೆ ಸಿಸ್ಟಮ್ಮಿನ ತಿದ್ದುಪಡಿಗಳ ಕಟ್ಟು, ಇನ್ನೊಂದ್ಸಲ ಹಾಕಿದ್ರೆ ಹೊಸವು ವಾಪಸ್ ಬರ್ತವೆ. ವರದಿಗಳ ತಂಟೆಗೆ ಅದು ಹೋಗಲ್ಲ."

ಅವನು ಅದನ್ನು ಹಾಕಿ ಮುಗಿಸಿದ ಮೇಲೆ ಕಂಪ್ಯೂಟರ್ ಆರಿ, ಮತ್ತೆ ಹೊತ್ತಿಕೊಂಡಿತು. ಮೊದಲ ವರದಿ ತೆರೆಯಿತು.

"ಅಬ್ಬಾ, ಹೋದ ಜೀವ ಬಂತು!"

"ನಿಮ್ದು ಬಂತು, ಹಸಿವಿಗೆ ನನ್ದು ಹೋಗ್ತಿದೆ," ಎಂದು ಅವನು ನಕ್ಕ.

ಅವಳ ಫೋನ್ ಬಂದೊಡನೆ ಅವನು ಊಟ ಬಿಟ್ಟು ಬಂದಿದ್ದು ಅವಳಿಗೆ ಗೊತ್ತಿತ್ತು. ತನ್ನ ಊಟದ ಡಬ್ಬಿಯನ್ನು ಅವನ ಕೈಗಿತ್ತಳು.