ಬೆರಳು ಕದ್ದ ದುರ್ಬೀನು

ನಾನು ಒಂದು ದುರ್ಬೀನು. ಹುಟ್ಟಿದ್ದು ದೂರದ ಅಂಬಾಲಾದಲ್ಲಿ, ಹೆಂಗಸರು ಸಾಲಾಗಿ ಕೂತು ಗಾಜು ಉಜ್ಜುತ್ತಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅವರಲ್ಲೊಬ್ಬಳು ನನ್ನ ಎರಡು ಕೊಳವೆಗಳನ್ನು ಜೋಡಿಸಿದಳು. ಕಿಟಕಿಯಾಚೆಯ ನೀರಿನ ಟ್ಯಾಂಕಿನ ಮೇಲಿದ್ದ ಅಕ್ಷರಗಳನ್ನು ನನ್ನ ಮೂಲಕ ಓದಿ, ‘ಠೀಕ್’ ಎಂದು ಡಬ್ಬಿಗೆ ಹಾಕಿದಳು. ಪರೀಕ್ಷೆ ಮಾಡಿ ಆಮೇಲೆ ತೀರ್ಪು ಕೊಟ್ಟವರಲ್ಲಿ ಅವಳೇ ಮೊದಲಿಗಳು. ಮುಂದೆ ನನ್ನ ಬಗ್ಗೆ ಮಾತಾಡಿದವರಲ್ಲಿ ಹೆಚ್ಚಿನವರು ತೀರ್ಪನ್ನು ಮನೆಯಿಂದಲೇ ತಂದಿದ್ದರು.

ನನ್ನನ್ನು ಮೊದಲು ಕೊಂಡವರು ನಾಗವೇಣಿ ಮೇಡಂ. ಬಯಲುಸೀಮೆಯ ಬಸವಂತಪುರದಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ಆ ಊರಿನಲ್ಲಿ ಎರಡು ಕಾಲೇಜುಗಳಿವೆ. ಕೋಟೆಯ ಬುಡದಲ್ಲಿರುವುದು ಕೋಟೆ ಕಾಲೇಜು, ಕೆರೆ ಏರಿಯ ಪಕ್ಕದ್ದು ಕೆರೆ ಕಾಲೇಜು. ಮೇಡಂ ಕೋಟೆಯವರು. ಆದರೆ ಅವರಿಗೆ ಕಾಲೇಜುಗಳ ಜಗಳಕ್ಕಿಂತ ಹಕ್ಕಿಗಳ ಜಗಳವೇ ಹೆಚ್ಚು ಗೊತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಹುಲ್ಲುಗಾವಲಿಗೆ ಹೋಗಿ, ಕಲ್ಲುಬಂಡೆಯ ಮೇಲೆ ಕೂತು ನೆಲಗುಬ್ಬಿ, ಗೌಜಲಕ್ಕಿಗಳನ್ನು ನೋಡುತ್ತಿದ್ದೆವು. ಏಳು ವರ್ಷ ಹಾಗೆ ಕಳೆಯಿತು. ಆ ಏಳು ವರ್ಷಗಳಲ್ಲಿ ನನ್ನ ಮೇಲೆ ಯಾವ ಹಕ್ಕಿಯೂ ದೂರು ಕೊಡಲಿಲ್ಲ.

ಒಂದು ದಿನ ಅವರ ಕೈಜಾರಿ ಬಂಡೆಯ ಮೇಲೆ ಬಿದ್ದೆ. ಗಾಜು ಒಡೆಯಲಿಲ್ಲ. ಒಳಗೆ ಏನೋ ಕೂದಲೆಳೆಯಷ್ಟು ಸರಿದು ಹೋಯಿತು. ಅಂದಿನಿಂದ ನನ್ನ ಎರಡು ಕಣ್ಣುಗಳಿಗೂ ಹೊಂದಾಣಿಕೆ ತಪ್ಪಿತು. ಒಂದು ಗೌಜಲಕ್ಕಿ ಇದ್ದಲ್ಲಿ ಎರಡು ಕಾಣತೊಡಗಿದವು. ಗಡಿಯಾರ ರಿಪೇರಿಯವನು ಬಿಚ್ಚಿ ನೋಡಿ, ಹಾಗೇ ಮುಚ್ಚಿ ಕೊಟ್ಟ. ಮೇಡಂ ಹೊಸ ದುರ್ಬೀನು ಕೊಂಡರು. ನಾನು ಬೀರುವಿಗೆ ಸೇರಿದೆ.

ಅಲ್ಲಿಂದ ನನ್ನನ್ನು ಕೇಳಿ ಪಡೆದವರು ಗುರುಶಾಂತಪ್ಪನವರು, ಕೋಟೆ ಕಾಲೇಜಿನ ನಿವೃತ್ತ ಹೆಡ್ ಕ್ಲರ್ಕು.

“ಇದು ಒಂದನ್ನ ಎರಡು ಮಾಡಿ ತೋರಿಸುತ್ತೆ ಸರ್. ಒಂದು ಕಣ್ಣು ಮುಚ್ಕೊಂಡು ನೋಡಿದ್ರೆ ಮಾತ್ರ ಸರಿ,” ಎಂದರು ಮೇಡಂ.

“ದೇವರು ಎರಡು ಕಣ್ಣು ಕೊಟ್ಟಿರೋವಾಗ ಒಂದ್ಯಾಕೆ ಮುಚ್ಚಬೇಕು ಮೇಡಂ,” ಎಂದು ಅವರು ನನ್ನನ್ನು ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮೂವತ್ತು ವರ್ಷ ಅರ್ಜಿಗಳ ಕೊನೆಯ ಸಾಲನ್ನು ಓದದೇ ರುಜು ಹಾಕಿದ ಮನುಷ್ಯ. ಎಚ್ಚರಿಕೆಯನ್ನೂ ಹಾಗೇ ಕೇಳಿದರು.

ಅವರಿಗೆ ಹಕ್ಕಿ ಬೇಕಿರಲಿಲ್ಲ. ಅವರ ಜೀವ ಇದ್ದದ್ದು ಕೋಟೆ ಕಾಲೇಜಿನ ಹೆಣ್ಣುಮಕ್ಕಳ ವಾಲಿಬಾಲ್ ತಂಡದಲ್ಲಿ. ಆ ತಂಡ ಅಂತರಕಾಲೇಜು ಪಂದ್ಯದಲ್ಲಿ ಕೆರೆ ಕಾಲೇಜಿನ ಎದುರು ಸತತ ಒಂಬತ್ತು ವರ್ಷ ಸೋತಿತ್ತು. ಒಂಬತ್ತು ಸೋಲುಗಳನ್ನೂ ಅವರು ತಾರೀಖಿನ ಸಮೇತ ಹೇಳುತ್ತಿದ್ದರು, ಕೇಳದವರಿಗೂ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಚೆಂಡನ್ನು ಎತ್ತಿಕೊಡುವ ಹುಡುಗಿಗೆ ಸೆಟ್ಟರ್ ಎನ್ನುತ್ತಾರೆ. ಈ ಸಲ ಚೆಂಡು ಯಾವ ಕಡೆ ಎತ್ತುತ್ತೇನೆ ಎಂಬುದನ್ನು ಅವಳು ಬೆನ್ನ ಹಿಂದೆ ಬೆರಳು ತೋರಿಸಿ ತನ್ನವರಿಗೆ ತಿಳಿಸುತ್ತಾಳೆ. ಒಂದು ಬೆರಳಾದರೆ ಎಡಕ್ಕೆ, ಎರಡಾದರೆ ನಡುವೆ, ಮೂರಾದರೆ ಬಲಕ್ಕೆ, ನಾಲ್ಕಾದರೆ ಹಿಂದಕ್ಕೆ. ನೆಟ್ಟಿನಾಚೆಯ ಎದುರಾಳಿಗಳಿಗೆ ಅದು ಕಾಣುವುದಿಲ್ಲ. ಆದರೆ ಅವಳ ಬೆನ್ನ ಹಿಂದೆ, ಮೆಟ್ಟಿಲ ಮೇಲೆ ಕೂತವನಿಗೆ ಕಾಣುತ್ತದೆ. ದುರ್ಬೀನಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಗುರುಶಾಂತಪ್ಪನವರ ಲೆಕ್ಕ.

ಕೆರೆ ಕಾಲೇಜಿನ ಎದುರಿನ ಫೈನಲ್‌ಗೆ ಎರಡು ದಿನ ಇರುವಾಗ ಅವರು ಕೋಟೆ ತಂಡದ ನಾಯಕಿ ಶಾಹಿನಾಳನ್ನು ಮೈದಾನದಲ್ಲಿ ಹಿಡಿದರು. ಶಾಹಿನಾ ತಂಡದಲ್ಲೇ ಎತ್ತರದ ಹುಡುಗಿ. ಎದುರಿನವರ ಹೊಡೆತವನ್ನು ನೆಟ್ಟಿನ ಮೇಲೆಯೇ ತಡೆಯುವುದು ಅವಳ ಕೆಲಸ. ಗೆದ್ದ ತಂಡದಿಂದ ಇಬ್ಬರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವುದಿತ್ತು. ಆರಿಸಿದರೆ ಕ್ರೀಡಾ ಕೋಟಾದಲ್ಲಿ ದೈಹಿಕ ಶಿಕ್ಷಣ ಓದಬಹುದು. ಇಲ್ಲದಿದ್ದರೆ ಪದವಿ ಮುಗಿಯುತ್ತಲೇ ಮನೆಯಲ್ಲಿ ಮದುವೆ ಮಾಡುವವರಿದ್ದರು.

“ನೋಡಮ್ಮ, ನಾನು ಟವೆಲ್ ಎಡಹೆಗಲಿಗೆ ಹಾಕಿದ್ರೆ ಒಂದು, ತಲೆ ಮೇಲಾದ್ರೆ ಎರಡು, ಬಲಹೆಗಲಾದ್ರೆ ಮೂರು, ತೊಡೆ ಮೇಲಾದ್ರೆ ನಾಲ್ಕು.”

“ಬೇಡ ತಾತ. ಅದೆಲ್ಲ ನೋಡ್ತಾ ನಿಂತ್ರೆ ನನಗೆ ಚೆಂಡು ಕಾಣಲ್ಲ.”

“ನೀನು ನೋಡಿದ್ರೆ ನೋಡು, ಬಿಟ್ರೆ ಬಿಡು, ನನ್ನ ಕೆಲಸ ನಾನು ಮಾಡ್ತೀನಿ.”

ಮಾಡಿದರು. ಫೈನಲ್ ದಿನ ಮಧ್ಯಾಹ್ನ ನಾನು ಪಟ್ಟ ಪಾಡು ನನಗೇ ಗೊತ್ತು. ಕೆರೆ ತಂಡದ ಸೆಟ್ಟರ್ ಹೇಮಾವತಿ ಒಂದು ಬೆರಳು ತೋರಿಸಿದರೆ ಇವರಿಗೆ ಎರಡು ಕಾಣುತ್ತಿತ್ತು. ಎರಡಕ್ಕೆ ನಾಲ್ಕು. ಮೂರಕ್ಕೆ ಆರು ಬೆರಳು ಕಂಡಾಗ ಒಂದು ಕ್ಷಣ ಗಾಬರಿಯಾಗಿ, ಏನಾದರೂ ಇರಲೆಂದು ಟವೆಲ್ಲನ್ನು ತಲೆಗೆ ಹಾಕಿಕೊಂಡರು. ಹಲವು ಸಲ ಎಡಹೆಗಲು ಬಲಹೆಗಲು ಯಾವುದಕ್ಕೆ ಎಂಬುದೇ ಮರೆತುಹೋಯಿತು. ಪ್ರತಿ ಸೆಟ್ ಮುಗಿದಾಗ ತಂಡಗಳು ಬದಿ ಬದಲಾಯಿಸುತ್ತವೆ. ಇವರೂ ಏದುಸಿರು ಬಿಡುತ್ತ ಇಡೀ ಮೈದಾನ ಸುತ್ತಿ ಆಚೆ ಬದಿಯ ಮೆಟ್ಟಿಲು ಹತ್ತಿದರು. ಐದನೇ ಸೆಟ್‌ನ ನಡುವೆ ಮತ್ತೆ ಬದಿ ಬದಲಾಯಿತು. ಅರವತ್ತಾರು ವರ್ಷದ ಮನುಷ್ಯ, ಎದೆಯ ಮೇಲೆ ನನ್ನನ್ನು ಕುಣಿಸುತ್ತ, ಎಲ್ಲರೆದುರು ಓಡಿದರು.

ಕೋಟೆ ಕಾಲೇಜು ಗೆದ್ದಿತು. ಶಾಹಿನಾ ಗೋಡೆಯಂತೆ ಎದ್ದು ನಿಂತು ಹೊಡೆತದ ಮೇಲೆ ಹೊಡೆತ ತಡೆದಳು. ಒಮ್ಮೆಯೂ ನಮ್ಮ ಕಡೆ ಕತ್ತೆತ್ತಲಿಲ್ಲ. ಅದನ್ನು ನಾನು ಕಂಡೆ. ನಾನು ಕಂಡದ್ದನ್ನು ಕೇಳುವವರು ಯಾರು?

ನಮ್ಮ ಓಡಾಟವನ್ನು ಕಂಡವರು ಮಾತ್ರ ಒಬ್ಬರಿದ್ದರು. ಟೈಲರ್ ಬೋರಯ್ಯ, ಕೆರೆ ಕಾಲೇಜಿನ ಪರಮ ಭಕ್ತ. ಆಟ ಮುಗಿಯುವ ಮುಂಚೆಯೇ ಅವನು ಎದ್ದು ನಿಂತು ಸುತ್ತಲಿನವರಿಗೆ ಹೇಳಿದ: “ಆವಯ್ಯ ಐದು ಸಲ ಜಾಗ ಬದಲಾಯಿಸೈತೆ. ಐದು ಸಲನೂ ನಮ್ ಹುಡುಗಿ ಬೆನ್ನ ಹಿಂದೇನೆ. ಕೊರಳಾಗೆ ದುರ್ಬೀನು. ಇನ್ನೇನು ಬೇಕ್ರಪ್ಪಾ ಸಾಕ್ಷಿ?”

ಸಂಜೆಯೊಳಗೆ ಊರು ಎರಡು ಹೋಳಾಯಿತು. ಬೋರಯ್ಯ ಕೋಟೆ ಕಾಲೇಜಿನ ಹುಡುಗಿಯರ ರವಿಕೆ ಅಳತೆ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿ ಮುಂದೆ ಬೋರ್ಡು ಹಾಕಿದ. ಕೋಟೆಯವರು ಕೆರೆ ಏರಿಯ ಹೋಟೆಲಿನ ಇಡ್ಲಿ ಬಿಟ್ಟರು. ಒಳ್ಳೆಯ ಇಡ್ಲಿ ಅದೊಂದೇ ಕಡೆ ಸಿಗುತ್ತಿದ್ದುದರಿಂದ ಕೆಲವರು ಹಿತ್ತಲ ಬಾಗಿಲಿಂದ ತರಿಸಿಕೊಂಡರು. ನನ್ನ ಶಕ್ತಿಯೂ ದಿನದಿಂದ ದಿನಕ್ಕೆ ಬೆಳೆಯಿತು. ನಾನು ಮಿಲಿಟರಿಯದಂತೆ. ಬಟ್ಟೆಯ ಆಚೆಗಿರುವುದೂ ಕಾಣುತ್ತದಂತೆ. ಒಂದು ಗೌಜಲಕ್ಕಿಯನ್ನು ಸರಿಯಾಗಿ ತೋರಿಸಲಾಗದ ನನಗೆ.

ಇದೆಲ್ಲ ಒಂದು ವಾರದಲ್ಲಿ ತಣ್ಣಗಾಗುತ್ತಿತ್ತು. ಗುರುಶಾಂತಪ್ಪನವರು ‘ಇಲ್ಲ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೋಟೆಯ ಜನ ದಾರಿಯಲ್ಲಿ ತಡೆದು, “ಏನ್ ಸರ್, ಮೇಲೆ ಕೂತ್ಕೊಂಡೇ ಗೆಲ್ಲಿಸಿಬಿಟ್ರಂತೆ,” ಎಂದರೆ ಅವರು ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ. ಸಣ್ಣಗೆ ನಕ್ಕು ನನ್ನ ಮೈ ತಟ್ಟುತ್ತಿದ್ದರು. ಆ ತಟ್ಟುವಿಕೆ ನನಗೆ ಬಂಡೆಯ ಪೆಟ್ಟಿಗಿಂತ ಹೆಚ್ಚು ನೋವು ಕೊಟ್ಟಿತು.

ಬೋರಯ್ಯನ ಕಡೆಯವರು ವಿಶ್ವವಿದ್ಯಾಲಯಕ್ಕೆ ದೂರು ಬರೆದರು. ವಿಶ್ವವಿದ್ಯಾಲಯದವರು ಗೆದ್ದ ಕಪ್ಪನ್ನು ತಡೆಹಿಡಿದರು. ತಂಡದ ಆಯ್ಕೆಯೂ ನಿಂತಿತು. ವಿಚಾರಣೆಗೆ ಸಮಿತಿ ನೇಮಕವಾಯಿತು. ಮರುದಿನ ಶಾಹಿನಾ ಮನೆಗೆ ಬಂದಳು. ಗುರುಶಾಂತಪ್ಪನವರ ಹೆಂಡತಿ ಶಿವಗಂಗಮ್ಮ ಚಾಪೆ ಹಾಸಿ ಕೂರಿಸಿದರು. ನಾನು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದೆ.

“ತಾತ, ನಿಮ್ಮ ಟವೆಲ್ ನಾನು ನೋಡಿದ್ನಾ?”

ಗುರುಶಾಂತಪ್ಪನವರು ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಪಕ್ಕಕ್ಕಿಟ್ಟರು.

“ಹದಿನಾಲ್ಕು ಚೆಂಡು ತಡೆದೀನಿ. ಕೈ ನೋಡಿ, ಇನ್ನೂ ಊದೈತೆ. ಊರೆಲ್ಲ ಅದು ದುರ್ಬೀನು ತಡೀತು ಅಂತೈತೆ. ಕೆರೆಯವರು ಅಂದ್ರೆ ಬೇಜಾರಿಲ್ಲ ತಾತ. ನಮ್ಮೋರೇ ಅಂತಾರೆ. ನೀವು ಸುಮ್ನಿರ್ತೀರಿ.”

“ನಾನೇನು ನಿನಗೆ ಕೆಟ್ಟದ್ದು ಬಯಸಿದ್ನೇನಮ್ಮಾ?”

ಶಿವಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಬಯಸ್ಲಿಲ್ಲ. ಆ ಮಗು ಸುರಿಸಿದ ಬೆವರು ನಿಮ್ದು ಅಂತ ಒರೆಸ್ಕೊಂಡ್ರಿ, ಅಷ್ಟೆ. ಹೋಗಿ ಇದ್ದಿದ್ದು ಇದ್ದಂಗೆ ಹೇಳಿ ಬರ್ರಿ.”

ಇದ್ದದ್ದು ಇದ್ದಂತೆ ಹೇಳುವುದೆಂದರೆ ಎರಡು ಅವಮಾನ. ಬೆರಳಿನ ಸನ್ನೆ ಕದಿಯಲು ಹೋಗಿದ್ದೆ ಎಂದು ಒಪ್ಪಬೇಕು. ಕದಿಯಲೂ ಬರಲಿಲ್ಲ ಎಂದೂ ಒಪ್ಪಬೇಕು. ಮೊದಲನೆಯದು ಅವರಿಗೆ ಅಷ್ಟು ಕಷ್ಟವಾಗಿರಲಿಲ್ಲ ಎಂದು ನನ್ನ ಅನಿಸಿಕೆ. ಎರಡನೆಯದಕ್ಕೆ ಅವರು ಎರಡು ದಿನ ಊಟ ಬಿಟ್ಟರು.

ವಿಚಾರಣೆಯ ದಿನ ನನ್ನನ್ನು ಮೇಜಿನ ಮೇಲಿಟ್ಟು ಸಾಕ್ಷ್ಯವೆಂದು ಒಂದು ಚೀಟಿ ಕಟ್ಟಿದರು. ಸಮಿತಿಯ ಅಧ್ಯಕ್ಷೆ ಒಬ್ಬ ಹಿರಿಯ ಪ್ರಾಧ್ಯಾಪಕಿ. ನನ್ನನ್ನು ಕಣ್ಣಿಗಿಟ್ಟು ಕಿಟಕಿಯಾಚೆ ನೋಡಿ, ತಲೆ ಕೊಡವಿ ಕೆಳಗಿಟ್ಟರು. ಮೂರು ವಾರದ ಗಲಾಟೆಯಲ್ಲಿ ನನ್ನ ಮೂಲಕ ನೋಡಿದ ಮೊದಲ ಮನುಷ್ಯರು ಅವರು.

“ಇದರಲ್ಲಿ ಎಲ್ಲ ಎರಡೆರಡು ಕಾಣ್ತಿದೆಯಲ್ಲ,” ಎಂದರು.

“ಒಂದು ಕಣ್ಣು ಮುಚ್ಚಿದ್ರೆ ಸರಿ ಕಾಣ್ತೈತೆ ಮೇಡಮ್ಮೋರೆ, ನಾಗವೇಣಿ ಮೇಡಂನೇ ಹೇಳವ್ರೆ,” ಎಂದ ಬೋರಯ್ಯ.

ಆಗ ಗುರುಶಾಂತಪ್ಪನವರು ಎದ್ದರು. ಟವೆಲ್ಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟು, “ಕಣ್ಣು ಮುಚ್ಚಲಿಲ್ಲ ಮೇಡಂ. ಎರಡೂ ತೆರೆದೇ ನೋಡಿದೆ. ಕದಿಯಬೇಕು ಅಂತಲೇ ಹೋಗಿದ್ದೆ. ಹುಡುಗಿ ಬೇಡ ಅಂದಿದ್ದಳು. ಆಟದ ವಿಡಿಯೋ ಇದ್ರೆ ಹಾಕಿ ನೋಡಿ,” ಎಂದರು.

ವಿಡಿಯೋ ಇತ್ತು. ಕೆರೆ ಕಾಲೇಜಿನವರೇ ಸಾಕ್ಷಿಗೆಂದು ತಂದಿದ್ದರು. ಹೇಮಾವತಿ ಪಕ್ಕದಲ್ಲಿ ಕೂತು ಪ್ರತಿ ಚೆಂಡಿಗೂ ತಾನು ತೋರಿಸಿದ ಬೆರಳನ್ನು ಬರೆದಳು. ಟವೆಲ್ ಸ್ಪಷ್ಟವಾಗಿ ಕಂಡ ಚೆಂಡುಗಳು ಮೂವತ್ತೊಂದು. ಟವೆಲ್ ಮಾತು ನಿಜವಾದದ್ದು ಐದರಲ್ಲಿ. ಕಣ್ಣು ಕಟ್ಟಿಕೊಂಡು ಹೇಳಿದ್ದರೂ ಅದಕ್ಕಿಂತ ಹೆಚ್ಚು ಸರಿಹೋಗುತ್ತಿತ್ತು. ಟವೆಲ್ ಬಲಕ್ಕೆ ಬಿದ್ದಾಗ ಶಾಹಿನಾ ಎಡಕ್ಕೆ ಹಾರಿದ್ದಳು, ತಲೆಗೇರಿದಾಗ ಬಲಕ್ಕೆ. ಕೋಣೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗುರುಶಾಂತಪ್ಪನವರು ತಲೆ ತಗ್ಗಿಸಿ ಕೂತಿದ್ದರು, ಎದ್ದುಹೋಗಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಅರ್ಧ ಗಂಟೆಯಲ್ಲಿ.

“ಹಾಗಾದ್ರೆ ನಿನಗೆ ಹೇಗೆ ಗೊತ್ತಾಗ್ತಿತ್ತು?” ಅಧ್ಯಕ್ಷೆ ಶಾಹಿನಾಳನ್ನು ಕೇಳಿದರು.

“ಪಿಯುಸಿಲಿ ನಾವಿಬ್ರೂ ಒಂದೇ ತಂಡ ಮೇಡಂ. ಹೇಮಾ ಚೆಂಡು ಎತ್ತೋಕೆ ಮುಂಚೆ ಯಾವ ಕಡೆ ಎತ್ತಬೇಕೋ ಆ ಕಡೆ ಭುಜ ಇಳಿಸ್ತಾಳೆ. ಬೆರಳು ಏನಾದ್ರೂ ಹೇಳ್ಲಿ, ನಾನು ಭುಜ ನೋಡ್ತಿದ್ದೆ.”

ಹೇಮಾವತಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. “ನಿಜ ಮೇಡಂ. ನಮ್ ಸರ್ ಎರಡು ವರ್ಷದಿಂದ ಬೈತಾನೇ ಅವ್ರೆ. ತಿದ್ದಿಕೊಂಡಿಲ್ಲ. ಅವಳು ಕದ್ದಿಲ್ಲ. ನಾನು ಸೋತಿದ್ದು.”

ಗೆದ್ದ ಕಪ್ಪು ಕೋಟೆ ಕಾಲೇಜಿಗೆ ಬಂತು. ಶಾಹಿನಾಳ ಆಯ್ಕೆಯಾಯಿತು. ಓದಲು ಹೋದಳು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಭಿಮಾನಿಗಳಿಗೆ ಸತ್ಯ ಸಿಕ್ಕಿದರೆ ಅದನ್ನು ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ಬೋರಯ್ಯ ಹೊಸ ಮಾತು ತೆಗೆದ: “ಟವೆಲ್ ಸುಳ್ಳು ಹೇಳ್ಬೇಕು ಅಂತ ಮೊದ್ಲೇ ಮಾತಾಗಿರ್ತೈತೆ. ಬಲ ಅಂದ್ರೆ ಎಡ. ತಿಳ್ಕೊಳ್ರಿ.” ವಿಚಾರಣೆಯ ಹಿಂದಿನ ದಿನ ನನ್ನನ್ನು ಸುತ್ತಿಗೆಯಿಂದ ಹೊಡೆದು ಕೆಡಿಸಿದರೆಂದು ಇನ್ನೊಬ್ಬ ಹೇಳಿದ. ನಿಜ ಹೇಳಿದ ಹೇಮಾವತಿಗೆ ಅವಳ ಕಾಲೇಜಿನವರೇ ‘ಮಾರಿಕೊಂಡವಳು’ ಎಂದರು. ಕೋಟೆಯವರಿಗೂ ಸಿಟ್ಟು. ತಮ್ಮ ಪಕ್ಷದ ಜಾಣತನ ಎಂದು ಮೀಸೆ ತಿರುವಿದ್ದೆಲ್ಲ ಹುಸಿಯಾಯಿತಲ್ಲ ಎಂದು ಅವರು ಗುರುಶಾಂತಪ್ಪನವರಿಗೆ ಮುಖ ಕೊಡುವುದನ್ನೇ ಬಿಟ್ಟರು. ಹುಡುಗಿ ಚೆನ್ನಾಗಿ ಆಡಿದಳು ಎಂಬ ಮಾತು ಎರಡೂ ಕಡೆಯವರಿಗೆ ರುಚಿಸಲಿಲ್ಲ.

ಗುರುಶಾಂತಪ್ಪನವರು ನನ್ನನ್ನು ವಾಪಸು ಕೇಳಲು ಬರಲಿಲ್ಲ. ಮೂರು ವರ್ಷ ವಿಶ್ವವಿದ್ಯಾಲಯದ ಕಪಾಟಿನಲ್ಲಿದ್ದೆ. ಆಮೇಲೆ ಯಾರೋ ಗುಮಾಸ್ತರು ವಿಳಾಸ ತಪ್ಪು ಬರೆದು, ನನ್ನನ್ನು ಕೋಟೆಗೆ ಬದಲು ಕೆರೆ ಕಾಲೇಜಿಗೆ ಕಳಿಸಿದರು. ಹೀಗೆ, ನನ್ನನ್ನು ಶಪಿಸಿದವರ ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ನೆಟ್ಟು ಮತ್ತು ಗಾಳಿ ಹೋದ ಚೆಂಡುಗಳ ನಡುವೆ ನನ್ನ ಮುಪ್ಪು ಶುರುವಾಯಿತು. ಗಾಜಿಗೆ ಬೂಷ್ಟು ಹಿಡಿದಿದೆ. ಈಗ ಎರಡು ಬಿಡಿ, ಒಂದೂ ಸರಿಯಾಗಿ ಕಾಣುವುದಿಲ್ಲ.

ಕಳೆದ ವರ್ಷ ಈ ಕಾಲೇಜಿಗೆ ಹೊಸ ದೈಹಿಕ ಶಿಕ್ಷಕಿ ಬಂದರು. ಶಾಹಿನಾ. ಕೆಲಸ ಸಿಕ್ಕಿದ್ದು ಇಲ್ಲಿ, ಬಂದಳು. ಊರು ಮತ್ತೆ ಎದ್ದು ಕೂತಿತು. ಕೋಟೆಯವರ ಗುಟ್ಟು ಮಾರಲು ಬಂದಿದ್ದಾಳೆ ಎಂದು ಕೋಟೆಯವರು. ಕೋಟೆಯವರೇ ಕಳಿಸಿದ್ದಾರೆ ಎಂದು ಕೆರೆಯವರು. ಕೇಳಿ ಕೇಳಿ ನನಗೆ ಸಾಕಾಗಿದೆ.

ಈ ಸಲದ ಫೈನಲ್ ದಿನ ಹುಡುಗಿಯರು ಚೆಂಡು ತೆಗೆದುಕೊಳ್ಳಲು ಕೋಣೆಗೆ ಬಂದರು. ಅವರ ಸೆಟ್ಟರ್ ಹುಡುಗಿಗೆ ದಿಗಿಲು.

“ಮಿಸ್, ಕೋಟೆಯವ್ರು ಮೆಟ್ಟಿಲ ಮೇಲೆ ಫೋನ್ ಹಿಡ್ಕೊಂಡು ಕೂತವ್ರೆ. ಬೆರಳು ತೋರಿಸೋವಾಗ ಹಿಂದೆ ಯಾರಾದ್ರೂ ಟವೆಲ್ ಅಡ್ಡ ಹಿಡೀಲಾ?”

ಶಾಹಿನಾ ಚೆಂಡಿಗೆ ಗಾಳಿ ತುಂಬುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಬೇಡ. ಗೊತ್ತಾದ್ರೆ ಗೊತ್ತಾಗ್ಲಿ. ಗೊತ್ತಾದ್ರೂ ತಡೆಯೋಕಾಗದಂಗೆ ಹೊಡೀರಿ.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಗೆ ಹೋದರು. ಅವಳೂ ಹಿಂದೆಯೇ ಹೋದಳು, ಬಾಗಿಲು ಹಾಕಲು ಮರೆತು. ಇಷ್ಟು ವರ್ಷ ಜನರ ಮಾತು ಮಾತ್ರ ಕೇಳಿಸುತ್ತಿದ್ದ ಈ ಕೋಣೆಗೆ ಅಂದು ಮೊದಲ ಸಲ ಆಟದ ಸದ್ದು ಬಂತು. ಚೆಂಡು ಕೈಗೆ ಬಡಿಯುವ ಸದ್ದು, ನೆಲಕ್ಕೆ ಬಡಿಯುವ ಸದ್ದು. ಯಾರು ಗೆದ್ದರೆಂದು ನಾನು ತಿಳಿಯಲು ಹೋಗಲಿಲ್ಲ.